ಎಕ್ಸ್‌ರೇ ತೆಗೆಯುವ ಹುಡುಗನಿಗೆ ಡಿಮೆನ್ಷಿಯಾ ಬಗ್ಗೆ ಯಾರು ಹೇಳಿಕೊಡಬೇಕು?

ನಮ್ಮ ಆಯಿ ಬಚ್ಚಲಮನೆಯಲ್ಲಿ ಜಾರಿ ಬಿದ್ದದ್ದು ಒಂದು ಸೋಮವಾರ. ನಾವು ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಬುಧವಾರ. ನಡುವಿನ ಎರಡು ದಿನ ಆಕೆ ಹಾಸಿಗೆಯಲ್ಲೇ ಮಲಗಿ ಚೀರುತ್ತಿದ್ದಳು, ಮುಟ್ಟಲು ಹೋದವರ ಕೈ ಚಿವುಟುತ್ತಿದ್ದಳು. ಆಕೆಗೆ ಡಿಮೆನ್ಷಿಯಾ ಶುರುವಾಗಿ ಆಗಲೇ ಮೂರು ವರ್ಷ ಆಗಿತ್ತು. ಚೀರುವುದು ನಮಗೆ ಹೊಸದಲ್ಲ. ಹಂಗಾಗಿ ‘ಇದೂ ಆ ರೋಗದ್ದೇ ಆಟ’ ಅಂದುಕೊಂಡು ಸುಮ್ಮನಿದ್ದೆವು. ಬುಧವಾರ ಬೆಳಿಗ್ಗೆ ಅವ್ವ ಆಕೆಯ ಸೀರೆ ಬದಲಿಸುವಾಗ ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣ್ತಿದೆ ಅಂದಳು. ಆಮೇಲೆ ಗಾಡಿ ಹುಡುಕಿದೆವು.

ಊರಿನ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಎಕ್ಸ್‌ರೇ ಕೋಣೆಯಲ್ಲಿದ್ದ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಕೆಟ್ಟವನಲ್ಲ. ಹೊರಗೆ ಹದಿನೈದು ಜನ ಕಾಯ್ತಿದ್ದರು. ಕತ್ತಲೆ ಕೋಣೆ, ತಣ್ಣನೆಯ ಮೇಜು, ತಲೆಯ ಮೇಲೆ ಇಳಿದು ಬರುವ ಯಂತ್ರ. ಆಯಿ ಮೇಜಿನಿಂದ ಏಳಲು ನೋಡಿದಳು. ಆತ ಹಿಂದಿನಿಂದ ಬಂದು ಭುಜ ಒತ್ತಿದ, ‘ಏ ಯಮ್ಮಾ, ಅಲ್ಲಾಡಬ್ಯಾಡ, ಸುಮ್ನ ಮಲ್ಕೋ’ ಅಂತ ಜೋರು ಮಾಡಿದ. ಆಕೆ ಅವನ ಕೈಗೆ ಉಗುರು ಹಾಕಿದಳು. ಮೊದಲ ಫಿಲ್ಮ್ ಅಲ್ಲಾಡಿ ಹೋಯಿತು, ಎರಡನೆಯದೂ ಹೋಯಿತು. ‘ಹುಚ್ಚ ಮಂದೀನ ಹಿಂಗ ಕರ್ಕೊಂಡ್ ಬಂದ್ರ ಹ್ಯಾಂಗ್ರೀ? ಇಂಜೆಕ್ಷನ್ ಕೊಡಿಸ್ಕೊಂಡು ಬರ್ರಿ’ ಅಂದ.

ಆಗ ಅವ್ವ ಒಳಗೆ ಬಂದಳು. ಹುಡುಗ ಕೊಟ್ಟ ಸೀಸದ ಏಪ್ರನ್ ಹಾಕಿಕೊಂಡು ಆಯಿಯ ಮುಖದ ಎದುರಿಗೆ ಬಗ್ಗಿ, ‘ಅತ್ತಿ, ಬಿತ್ತಾಕ ಶೇಂಗಾ ಬೇಕಾಗ್ಯಾವು, ಇಷ್ಟು ಸುಲದು ಕೊಡ್ರಿ’ ಅಂತ ಚೀಲದಿಂದ ಒಂದು ಹಿಡಿ ಶೇಂಗಾ ತೆಗೆದು ಆಕೆಯ ಅಂಗೈಗೆ ಹಾಕಿದಳು. ಆಯಿ ಸುಲಿಯತೊಡಗಿದಳು. ಸೊಂಟದ ಎಕ್ಸ್‌ರೇಗೆ ಕಾಲು ಅಲ್ಲಾಡಬಾರದು, ಕೈ ಏನು ಮಾಡಿದರೂ ನಡೆಯುತ್ತೆ. ಮೂರನೇ ಫಿಲ್ಮ್ ಸರಿಯಾಗಿ ಬಂತು. ತೊಡೆಮೂಳೆಯ ಕತ್ತು ಮುರಿದಿತ್ತು.

ಎರಡು ದಿನ ಆಕೆ ಚೀರಿದ್ದು ನೋವಿಗೆ. ನಮಗದು ತಿಳಿಯಲಿಲ್ಲ, ಆ ಹುಡುಗನಿಗೂ ತಿಳಿಯಲಿಲ್ಲ. ನಾವು ಮನೆಯವರು, ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಅದನ್ನೇ ಓದಿ ಬಂದವನು. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲವೇ ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ಮೊದಲು ಮುಟ್ಟುವವರು ಯಾರು?

ನಮ್ಮೂರು ತಿಮ್ಮಾಪುರ, ಮುಧೋಳ ತಾಲೂಕು. ಕಬ್ಬು, ಸಕ್ಕರೆ ಕಾರ್ಖಾನೆ, ಘಟಪ್ರಭಾ ನೀರು. ಓದಿದ ಹುಡುಗರು ಬೆಂಗಳೂರು, ಪುಣೆ, ಗೋವಾ ಅಂತ ಹೋಗ್ತಾರೆ. ನಾನೂ ಇಂಜಿನಿಯರಿಂಗ್ ಮುಗಿಸಿ ಹಾಗೇ ಹೋದವನು. ಊರಲ್ಲಿ ಉಳಿಯೋದು ವಯಸ್ಸಾದವರು ಮತ್ತು ಅವರನ್ನು ನೋಡಿಕೊಳ್ಳುವ ಸೊಸೆಯಂದಿರು. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲಿಗೆ ಹೋದರೂ ಕತೆ ಹೆಚ್ಚುಕಡಿಮೆ ಇದೇ. ಅಲ್ಲೆಲ್ಲ ಡಿಮೆನ್ಷಿಯಾ ಇರುವ ಒಬ್ಬ ಅಜ್ಜನಿಗೆ ಆರಾಮ ತಪ್ಪಿದರೆ ಮೊದಲು ನೋಡುವುದು ನರರೋಗ ತಜ್ಞರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಐನೂರು ಕಿ.ಮೀ. ಹತ್ತಿರ ದೂರ. ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿಬರುವುದೂ ಒಂದು ದಿನದ ಕೆಲಸ, ಒಂದು ದಿನದ ಕೂಲಿ. ಅಜ್ಜನನ್ನು ಮೊದಲು ಮುಟ್ಟುವವರು 108ರ ತುರ್ತು ತಂತ್ರಜ್ಞ, ರಕ್ತ ತೆಗೆಯುವ ಲ್ಯಾಬ್ ಹುಡುಗಿ, ಎಕ್ಸ್‌ರೇ ಹುಡುಗ, ಕಣ್ಣು ಪರೀಕ್ಷಿಸುವವರು, ಆಪರೇಷನ್ ಥಿಯೇಟರ್‌ನ ಟೆಕ್ನಿಷಿಯನ್, ಡಯಾಲಿಸಿಸ್ ಕೋಣೆಯವರು.

ಇವರೆಲ್ಲರನ್ನೂ ನಾವು ‘ಪ್ಯಾರಾಮೆಡಿಕಲ್’ ಅಂತ ಒಂದೇ ಚೀಲಕ್ಕೆ ಹಾಕ್ತೀವಿ. ಇಂಗ್ಲೆಂಡಿನಲ್ಲಿ ಪ್ಯಾರಾಮೆಡಿಕ್ ಅಂದ್ರೆ ಆಂಬುಲೆನ್ಸ್‌ನಲ್ಲಿ ಬರುವವರು ಮಾತ್ರ. ನಮ್ಮಲ್ಲಿ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಅಂದ್ರೆ ಲ್ಯಾಬ್, ಎಕ್ಸ್‌ರೇ, ಥಿಯೇಟರ್, ಡಯಾಲಿಸಿಸ್, ಕಣ್ಣು, ಆರೋಗ್ಯ ನಿರೀಕ್ಷಕ, ವೈದ್ಯಕೀಯ ದಾಖಲೆ ಎಲ್ಲವೂ ಸೇರುತ್ತೆ. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನ ಆದವರಿಗೆ ಎರಡು ವರ್ಷ. ಇದರ ಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ ಕೋರ್ಸ್‌ಗಳಿವೆ. ಈ ಕೋರ್ಸ್‌ಗಳಿಗೆ ಸೇರುವವರಲ್ಲಿ ನಮ್ಮಂಥ ಊರುಗಳ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಬಹಳ. ನಾಳೆ ನಿಮ್ಮ ಅಜ್ಜಿಯ ಕೈಗೆ ಸೂಜಿ ಚುಚ್ಚುವವರು ಇವರೇ.

ಹಾಗೆ ಓದುತ್ತಿರುವ ನಮ್ಮ ಕಡೆಯ ನಾಲ್ಕು ವಿದ್ಯಾರ್ಥಿಗಳನ್ನು ಕೇಳಿದೆ. ಮೂಳೆಗಳ ಹೆಸರು, ಡಾರ್ಕ್‌ರೂಮ್, ವಿಕಿರಣದ ಸುರಕ್ಷತೆ, ರಕ್ತದ ಗುಂಪು ಎಲ್ಲ ಚೆನ್ನಾಗಿ ಹೇಳಿದರು. ಡಿಮೆನ್ಷಿಯಾ? ಒಬ್ಬಳು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು ಪಿಚ್ಚರ್‌ನಾಗ ಅನಂತ್ ನಾಗ್‌ಗ ಇತ್ತಲ್ರೀ, ಅದು’ ಅಂದಳು. 2016ರ ಆ ಸಿನಿಮಾ ಬರದೇ ಹೋಗಿದ್ದರೆ ಅಷ್ಟೂ ಗೊತ್ತಿರುತ್ತಿರಲಿಲ್ಲವೇನೋ. ನಾಲ್ಕು ಜನರ ಮಾತು ಸಮೀಕ್ಷೆ ಅಲ್ಲ, ಒಪ್ಪಿಕೊಳ್ತೀನಿ. ನಿಮಗೆ ಅನುಮಾನವಿದ್ದರೆ ನಿಮ್ಮೂರಿನ ನಾಲ್ವರನ್ನು ಕೇಳಿ ನೋಡಿ.

ಎಷ್ಟು ಜನ?

ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿತು. ಐದು ಸಾವಿರ ಜನರ ಒಂದು ಊರು ಅಂತ ಇಟ್ಟುಕೊಳ್ಳಿ. ಹತ್ತರಲ್ಲಿ ಒಬ್ಬರು ಅರವತ್ತು ದಾಟಿದವರು ಅಂದರೂ 500 ಜನ. ಅವರಲ್ಲಿ 37 ಜನ. ಒಂದು ಊರಲ್ಲಿ 37 ಮನೆ! ನಮ್ಮೂರಲ್ಲಿ ಅಷ್ಟು ಜನ ಇದ್ದಾರೆಂದು ಯಾರಾದರೂ ಹೇಳಿದರೆ ನಾನೇ ಮೊದಲು ನಂಬುತ್ತಿರಲಿಲ್ಲ. ಯಾಕಂದ್ರೆ ಅವರು ಕಾಣುವುದಿಲ್ಲ. ಒಳಮನೆಯಲ್ಲಿರುತ್ತಾರೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಡಿಮೆನ್ಷಿಯಾ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. 2024ರಲ್ಲಿ ಲ್ಯಾನ್ಸೆಟ್ ಆಯೋಗ ಡಿಮೆನ್ಷಿಯಾ ಅಪಾಯ ಹೆಚ್ಚಿಸುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಇವೆಲ್ಲವನ್ನೂ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಅನ್ನೋದು ಅದರ ಲೆಕ್ಕ. ಬಿಪಿ, ಶುಗರ್, ಕಿವಿ ಮಂದವಾಗುವುದು, ಕಣ್ಣು ಕಾಣದಿರುವುದು, ಒಂಟಿತನ ಎಲ್ಲ ಅದರಲ್ಲಿವೆ. ಪಟ್ಟಿಯಲ್ಲಿ ಬಾಲ್ಯಕ್ಕೆ ಸೇರಿದ್ದು ಒಂದೇ, ಶಾಲೆ ಕಲಿಯದಿರುವುದು. ನಮ್ಮ ಆಯಿಯನ್ನು ಎರಡನೇ ಇಯತ್ತೆಗೆ ಬಿಡಿಸಿ ದನ ಕಾಯಲು ಕಳಿಸಿದ್ದರು. ಅದೇ ಕಾರಣ ಅಂತ ಒಬ್ಬರ ವಿಷಯದಲ್ಲಿ ಹೇಳಲಾಗದು. ಆದರೆ ಎಪ್ಪತ್ತು ವರ್ಷದ ಹಿಂದೆ ಒಂದು ತಲೆಮಾರಿನ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದ್ದರ ಬಿಲ್ಲು ಈಗ ಬರ್ತಿದೆ, ಮತ್ತು ಅದನ್ನು ಕಟ್ಟುತ್ತಿರುವವರೂ ಹೆಣ್ಣುಮಕ್ಕಳೇ. ಇದನ್ನು ಬರೇ ‘ಆರೋಗ್ಯ ಪುಟ’ದ ಸುದ್ದಿ ಅಂದುಕೊಳ್ಳಬೇಡಿ ಅಂತ ಹೇಳುವುದು ಅದಕ್ಕೇ.

ಅರಳುಮರಳು ಬೇರೆ, ಸನ್ನಿ ಬೇರೆ

‘ಅರವತ್ತಕ್ಕೆ ಅರಳುಮರಳು’ ಅನ್ನುವ ಗಾದೆ ನಮಗೆ ಬಹಳ ಕೇಡು ಮಾಡಿದೆ. ವಯಸ್ಸಾದ್ರೆ ಎಲ್ಲರಿಗೂ ಹೀಗೇ ಆಗುತ್ತೆ ಅಂತ ಅದು ನಂಬಿಸಿಬಿಟ್ಟಿದೆ. ಆಗಲ್ಲ. ಚಾವಿ ಎಲ್ಲಿಟ್ಟೆ ಅಂತ ಮರೆಯೋದು ವಯಸ್ಸು. ಚಾವಿ ಕೈಯಲ್ಲಿ ಹಿಡಿದುಕೊಂಡು ಇದು ಏನಕ್ಕೆ ಅಂತ ಕೇಳೋದು ರೋಗ. ಡಿಮೆನ್ಷಿಯಾ ಒಂದೇ ರೋಗದ ಹೆಸರೂ ಅಲ್ಲ. ಆಲ್ಝೈಮರ್ಸ್ ಅದರಲ್ಲಿ ಹೆಚ್ಚು ಕಾಣುವಂಥದ್ದು. ಮಿದುಳಿನ ರಕ್ತನಾಳ ಕಟ್ಟಿ ಬರುವುದು ಇನ್ನೊಂದು. ಲೂಯಿ ಬಾಡಿ ಅನ್ನುವುದು ಮತ್ತೊಂದು. ಇದರಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣ್ತಾರೆ, ನಡಿಗೆ ಬಿಗಿಯಾಗುತ್ತೆ. ಇಂಥವರಿಗೆ ‘ಸುಮ್ಮನಾಗಲಿ’ ಅಂತ ಹ್ಯಾಲೊಪೆರಿಡಾಲ್‌ನಂಥ ಚುಚ್ಚುಮದ್ದು ಕೊಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಚುಚ್ಚುಮದ್ದು ಬರೆದುಕೊಡೋದು ಡಾಕ್ಟರ್, ನಿಜ. ಆದರೆ ‘ಇಂಜೆಕ್ಷನ್ ಕೊಡಿಸ್ಕೊಂಡು ಬರ್ರಿ’ ಅಂತ ಒತ್ತಡ ಹಾಕುವುದು ಎಕ್ಸ್‌ರೇ ಕೋಣೆಯಿಂದಲೇ ಶುರುವಾಗುತ್ತೆ.

ಕನ್ನಡದಲ್ಲಿ ಇನ್ನೊಂದು ಹಳೇ ಪದ ಇದೆ, ಸನ್ನಿ. ಜ್ವರ ನೆತ್ತಿಗೇರಿ ಬಡಬಡಿಸುವವರಿಗೆ ‘ಸನ್ನಿ ಆಗೇದ’ ಅಂತಿದ್ದರು. ವೈದ್ಯರು ಡೆಲಿರಿಯಂ ಅನ್ನುವುದು ಇದನ್ನೇ. ಹಿರಿಯರು ಈ ಎರಡಕ್ಕೂ ಬೇರೆ ಬೇರೆ ಪದ ಇಟ್ಟಿದ್ದರು, ನಾವು ಎರಡನ್ನೂ ಕಲಸಿಬಿಟ್ಟಿದ್ದೇವೆ. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬೆಳೆಯುತ್ತೆ. ಸನ್ನಿ ಕೆಲವು ತಾಸುಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತೆ. ಬೆಳಿಗ್ಗೆ ಸರಿ ಇದ್ದು ಸಂಜೆ ಕೆಡುತ್ತೆ. ಹಿಂದೆ ಯಾವಾಗಲೂ ಒಂದು ಕಾರಣ ಇರುತ್ತೆ: ಮೂತ್ರದ ಸೋಂಕು, ನ್ಯುಮೋನಿಯಾ, ಶುಗರ್ ಇಳಿದಿರುವುದು, ಸೋಡಿಯಂ ಕಡಿಮೆ ಆಗಿರುವುದು, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿರುವುದು, ಹೊಸ ಮಾತ್ರೆ, ಮುರಿದ ಮೂಳೆ. ಡಿಮೆನ್ಷಿಯಾ ಇರುವವರಿಗೆ ಸನ್ನಿ ಬೇರೆಯವರಿಗಿಂತ ಬೇಗ ಹಿಡಿಯುತ್ತೆ. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳ ಮಂದಿ ಸುಧಾರಿಸುತ್ತಾರೆ. ಕೊಡದಿದ್ದರೆ ಸಾಯುವವರೂ ಇದ್ದಾರೆ. ಅಂದ್ರೆ ಇದು ತುರ್ತು ಸ್ಥಿತಿ.

ಹಾಗಾದ್ರೆ 108ರಲ್ಲಿ ಬಂದ ತಂತ್ರಜ್ಞನಿಗೆ ಗೊತ್ತಿರಬೇಕಾದ ಪ್ರಶ್ನೆ ಒಂದೇ. ‘ನಿನ್ನೆ, ಮೊನ್ನೆ ಹ್ಯಾಂಗಿದ್ರು?’ ಮನೆಯವರು ‘ಮೊನ್ನೆ ತಮ್ಮ ಪಾಡಿಗೆ ತಾವು ಉಣ್ತಿದ್ರು, ನಿನ್ನೆಯಿಂದ ಹಿಂಗ’ ಅಂದರೆ ಅಲ್ಲೇ ಬೆರಳಿಗೆ ಚುಚ್ಚಿ ಶುಗರ್ ನೋಡಬೇಕು, ಜ್ವರ ನೋಡಬೇಕು, ಮಾತ್ರೆ ಚೀಲ ತಗೊಂಡು ಬರ್ರಿ ಅನ್ನಬೇಕು. ಆಸ್ಪತ್ರೆಯಲ್ಲಿ ಇಳಿಸುವಾಗ ‘ಡಿಮೆನ್ಷಿಯಾ ಪೇಷೆಂಟ್’ ಅಂತಷ್ಟೇ ಹೇಳದೆ ‘ನಿನ್ನೆಯಿಂದ ಒಮ್ಮೆಲೇ ಬದಲಾಗ್ಯಾರ’ ಅಂತ ಹೇಳಬೇಕು. ಆ ಒಂದು ಮಾತು ಹೇಳದಿದ್ದರೆ ಆ ಮನುಷ್ಯ ಮೂಲೆಯ ಮಂಚಕ್ಕೆ ಹೋಗ್ತಾನೆ.

ನಮ್ಮ ಆಯಿಗೆ ಆಪರೇಷನ್ ಆದ ಮೇಲೆ ಮೂರು ರಾತ್ರಿ ಸನ್ನಿ ಇತ್ತು. ಗೋಡೆಯ ಮೇಲೆ ಇರುವೆ ಆರಿಸುತ್ತಿದ್ದಳು. ಕೇಳಿದರೆ ‘ವಯಸ್ಸಾತಲ್ರೀ’ ಅನ್ನುವ ಉತ್ತರ ಬಂತು. ಮೂತ್ರ ಪರೀಕ್ಷೆ ಮಾಡಿದ್ದು ನಾಲ್ಕನೇ ದಿನ.

ಪಾಠದಲ್ಲಿ ಏನಿರಬೇಕು

ಯಂತ್ರದ ಜೊತೆ ಕೆಲಸ ಮಾಡುವವರಿಗೆ ಒಂದು ಅಭ್ಯಾಸ ಇರುತ್ತೆ, ನನಗೂ ಇತ್ತು. ಆಜ್ಞೆ ಕೊಟ್ಟರೆ ಅದು ನಡೆಯಬೇಕು. ‘ಉಸಿರು ಬಿಗಿ ಹಿಡೀರಿ, ಗದ್ದ ಮೇಲೆತ್ತಿ, ಅಲ್ಲಾಡಬೇಡಿ’ ಅಂತ ಒಂದೇ ಉಸಿರಿನಲ್ಲಿ ಮೂರು ಆಜ್ಞೆ. ಡಿಮೆನ್ಷಿಯಾ ಇರುವವರಿಗೆ ಮೊದಲನೆಯದು ಅರ್ಥವಾಗುವಷ್ಟರಲ್ಲಿ ಮೂರನೆಯದು ಬಂದಿರುತ್ತೆ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಕೈಯಿಂದ ಮಾಡಿ ತೋರಿಸಬೇಕು, ಆಮೇಲೆ ಕಾಯಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು. ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಹೋಗಬಾರದು. ಹಾಗೆ ಹೇಳಿದರೆ ಅವರಿಗೆ ಅದು ಇನ್ನೊಂದು ಹೊಸ ಮಾತು.

ಹಿಂದಿನಿಂದ, ಪಕ್ಕದಿಂದ ಬಂದು ಮುಟ್ಟಬಾರದು. ಈ ರೋಗದಲ್ಲಿ ಸುತ್ತಲಿನದನ್ನು ಗಮನಿಸುವ ಶಕ್ತಿ ಕುಗ್ಗುತ್ತೆ, ಪಕ್ಕದಿಂದ ಬಂದ ಕೈ ಎಲ್ಲಿಂದಲೋ ಬಂದ ಕೈ. ನಮ್ಮ ಆಯಿ ಉಗುರು ಹಾಕಿದ್ದು ಆ ಹುಡುಗನಿಗಲ್ಲ, ಕತ್ತಲೆಯಿಂದ ಬಂದ ಒಂದು ಕೈಗೆ. ಎದುರಿನಿಂದ ಬರಬೇಕು, ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಹೆಸರು ಹಿಡಿದೋ ಮನೆಯಲ್ಲಿ ಕರೆಯುವ ಹಾಗೋ ಕರೆಯಬೇಕು. ಈ ವಿಷಯದಲ್ಲಿ ನಮ್ಮ ಕಡೆಯ ಹುಡುಗರಿಗೆ ಹುಟ್ಟಿನಿಂದಲೇ ಒಂದು ಅನುಕೂಲ ಇದೆ. ‘ಯವ್ವಾ’, ‘ಅಜ್ಜಾರ’ ಅನ್ನುವುದು ಅವರಿಗೆ ಯಾರೂ ಕಲಿಸಬೇಕಿಲ್ಲ. ಬಿಳಿ ಕೋಟು ಹಾಕಿದ ಕೂಡಲೇ ಅದನ್ನು ಬಿಟ್ಟು ‘ಪೇಷೆಂಟ್’ ಅನ್ನಲು ನಾವೇ ಕಲಿಸಿದ್ದು.

ಭಾಷೆಯದೂ ಒಂದು ಪಾಠ ಆಗಬೇಕು. ರೋಗ ಬೆಳೆದ ಹಾಗೆ ಆಮೇಲೆ ಕಲಿತ ಭಾಷೆ ಸರಿದು ಮೊದಲ ಭಾಷೆ ಉಳಿಯುವುದುಂಟು. ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು, ಮರಾಠಿ ಮನೆಮಾತಿನ ಹಿರಿಯರು ಇಲ್ಲಿ ಇದ್ದಾರೆ, ಉರ್ದು ಮನೆಗಳಿವೆ. ಐವತ್ತು ವರ್ಷ ಕನ್ನಡದಲ್ಲೇ ವ್ಯವಹಾರ ಮಾಡಿದ ಅಜ್ಜ ಈಗ ಕನ್ನಡಕ್ಕೆ ಉತ್ತರ ಕೊಡದಿದ್ದರೆ ಅದು ಹಟ ಅಲ್ಲದಿರಬಹುದು. ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರೆ ಅರ್ಧ ಕೆಲಸ ಆದಂತೆ. ಅಂದಹಾಗೆ ಎರಡು ಭಾಷೆ ಆಡುವುದಕ್ಕೂ ಮಿದುಳಿಗೂ ಸಂಬಂಧ ಹುಡುಕಿದ ದೊಡ್ಡ ಅಧ್ಯಯನವೊಂದು ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲೇ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ನೋಡಿ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು ಎಂದು 2013ರಲ್ಲಿ ಬರೆದರು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತ್ತು.

ಇನ್ನು ನೋವು. ‘ಎಲ್ಲಿ ನೋಯ್ತದ?’ ಅಂದರೆ ಹೇಳಲಾಗದವರ ನೋವನ್ನು ಅಳೆಯುವುದು ಹೇಗೆ? ಇದಕ್ಕೆ ಪೇನ್‌ಆ್ಯಡ್ ಅನ್ನುವ ಒಂದು ಸರಳ ಪಟ್ಟಿ 2003ರಿಂದಲೇ ಇದೆ. ಐದು ಸಂಗತಿ ನೋಡಬೇಕು: ಉಸಿರಾಟ ಹೇಗಿದೆ, ನರಳುತ್ತಿದ್ದಾರಾ, ಮುಖ ಕಿವುಚಿದೆಯಾ, ಮೈ ಬಿಗಿದಿದೆಯಾ, ಸಮಾಧಾನ ಮಾಡಿದರೆ ಸುಮ್ಮನಾಗ್ತಾರಾ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಕಲಿಯಲು ಅರ್ಧ ತಾಸು ಸಾಕು. ಆಯಿ ಬಿದ್ದ ಸೋಮವಾರ ಈ ಪಟ್ಟಿ ಗೊತ್ತಿರುವ ಒಬ್ಬರು ನಮ್ಮ ಓಣಿಯಲ್ಲಿದ್ದಿದ್ದರೆ ಆಕೆ ಮುರಿದ ಮೂಳೆ ಇಟ್ಟುಕೊಂಡು ಎರಡು ರಾತ್ರಿ ಕಳೆಯಬೇಕಾಗುತ್ತಿರಲಿಲ್ಲ.

‘ಮನಿಗೆ ಹೋಗೋಣ ನಡೀರಿ’ ಅನ್ನುವ ಮಾತನ್ನು ಡಿಮೆನ್ಷಿಯಾ ಇರುವವರ ಬಾಯಲ್ಲಿ ನೀವು ಕೇಳಿಯೇ ಇರುತ್ತೀರಿ. ಸ್ವಂತ ಮನೆಯಲ್ಲಿ ಕೂತೇ ಕೇಳ್ತಾರೆ. ‘ಇದೇ ಮನಿ’ ಅಂತ ವಾದ ಮಾಡಿದರೆ ಜಗಳ ಆಗುತ್ತೆ ಅಷ್ಟೇ. ‘ಹೋಗೋಣಂತ, ಮನ್ಯಾಗ ಯಾರ್‍ಯಾರು ಅದಾರ?’ ಅಂತ ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತೆ. ಇದು ಸುಳ್ಳು ಹೇಳಿದ ಹಾಗಲ್ಲವೇ ಅಂತ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ನಡುವೆಯೂ ಇದರ ಬಗ್ಗೆ ಚರ್ಚೆ ಇದೆ. ನನ್ನ ಮಟ್ಟಿಗೆ, ಸತ್ತುಹೋದ ಗಂಡನನ್ನು ಕೇಳುವ ಹೆಂಗಸಿಗೆ ದಿನಾ ‘ಅವರು ಸತ್ತಾರ’ ಅಂತ ಹೇಳಿ ದಿನಾ ಹೊಸದಾಗಿ ಅಳಿಸುವುದರಲ್ಲಿ ಯಾವ ಸತ್ಯವೂ ಇಲ್ಲ.

‘ಹೇಗಿದ್ದರೂ ಮರೀತಾರೆ, ಜೋರು ಮಾಡಿದ್ರೆ ಏನೀಗ?’ ಅನ್ನುವವರೂ ಇದ್ದಾರೆ. 2014ರಲ್ಲಿ ಅಮೆರಿಕದ ಅಯೋವಾದಲ್ಲಿ ಆಲ್ಝೈಮರ್ಸ್ ಇರುವ 17 ಜನರಿಗೆ ದುಃಖದ, ಸಂತೋಷದ ಸಿನಿಮಾ ತುಣುಕು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ಏನು ನೋಡಿದೆವು ಅನ್ನುವುದನ್ನು ಅವರು ಬಹುಪಾಲು ಮರೆತರು. ಆದರೆ ದುಃಖ, ಸಂತೋಷ ಉಳಿದುಕೊಂಡಿತ್ತು. ಚಿಕ್ಕ ಪ್ರಯೋಗ, ಹದಿನೇಳೇ ಜನ. ಆದರೂ ಯಾಕೆ ಅಂತ ಹೇಳಲಾಗದೆ ಇಡೀ ದಿನ ಹೆದರಿ ಕೂತಿರುವ ಹಿರಿಯರನ್ನು ಕಂಡವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಸ್ಲೈಡ್ ತೋರಿಸಿದರೆ ಬರುವ ವಿದ್ಯೆ ಅಲ್ಲ

ಇದನ್ನೆಲ್ಲ ಒಂದು ತಾಸಿನ ಉಪನ್ಯಾಸ ಮಾಡಿ, ಫೋಟೊ ತೆಗೆಸಿಕೊಂಡು, ಪ್ರಮಾಣಪತ್ರ ಹಂಚಿಬಿಡಬಹುದು. ನಮ್ಮ ಕಾಲೇಜುಗಳಿಗೆ ಅದು ಚೆನ್ನಾಗಿ ಬರುತ್ತೆ. ಉಪಯೋಗ ಆಗಲ್ಲ.

ಇಂಗ್ಲೆಂಡಿನಲ್ಲಿ ಬ್ರೈಟನ್ ಮತ್ತು ಸಸೆಕ್ಸ್ ವೈದ್ಯಕೀಯ ಶಾಲೆ, ಸರ್ರೆ ವಿಶ್ವವಿದ್ಯಾಲಯ ಸೇರಿ 2014ರಲ್ಲಿ ‘ಟೈಮ್ ಫಾರ್ ಡಿಮೆನ್ಷಿಯಾ’ ಅನ್ನುವ ಕಾರ್ಯಕ್ರಮ ಶುರುಮಾಡಿದವು. ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳ ಜೊತೆ ಪ್ಯಾರಾಮೆಡಿಕ್ ವಿದ್ಯಾರ್ಥಿಗಳೂ ಅದರಲ್ಲಿದ್ದರು. ಇಬ್ಬಿಬ್ಬರು ಜೋಡಿಯಾಗಿ ಡಿಮೆನ್ಷಿಯಾ ಇರುವ ಒಬ್ಬರ ಮನೆಗೆ ಕೆಲವು ತಿಂಗಳಿಗೊಮ್ಮೆ ಹೋಗಬೇಕು. ಎರಡು ವರ್ಷ ಅದೇ ಮನೆ. ಚಿಕಿತ್ಸೆ ಕೊಡುವಂತಿಲ್ಲ, ಸೂಜಿ ಚುಚ್ಚುವಂತಿಲ್ಲ. ಕೂತು ಮಾತಾಡಬೇಕು, ಕೇಳಬೇಕು. ಅಲ್ಲಿ ಪಾಠ ಹೇಳುವವರು ಆ ಮನೆಯವರು. ಆಸ್ಪತ್ರೆಯಲ್ಲಿ ವಿದ್ಯಾರ್ಥಿಗೆ ಕಾಣುವುದು ಕಾಯಿಲೆ ಕೆರಳಿದ ದಿನದ ಮನುಷ್ಯ ಮಾತ್ರ. ಮನೆಯಲ್ಲಿ ಅವರು ಚಹಾ ಕುಡಿಯುವುದು, ನಗುವುದು, ಸಂಜೆ ಹೊತ್ತಿಗೆ ಕಳವಳಗೊಳ್ಳುವುದು ಎಲ್ಲ ಕಾಣುತ್ತೆ.

ನಮ್ಮಲ್ಲಿ ಇದಕ್ಕೆ ಬೇಕಾದ್ದು ಇಲ್ಲ ಅನ್ನುವ ಹಾಗಿಲ್ಲ. ಕೇರಳದಲ್ಲಿ 1992ರಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆ, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ನಿಮ್ಹಾನ್ಸ್ ಎಲ್ಲರಿಗೂ ವರ್ಷಗಳ ಅನುಭವ ಇದೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಪ್ರಾಯೋಗಿಕವಾಗಿ ಶುರುಮಾಡಿತು. ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಐಸಿಎಂಆರ್ ಸಿದ್ಧಪಡಿಸಿದ ಜ್ಞಾಪಕಶಕ್ತಿ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಓದಿದವರಿಗೆಂದು ಮಾಡಿದ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ ಅಂದರೆ ಶಾಲೆಯ ಮುಖ ನೋಡದ ಹೆಂಗಸು ಆರೋಗ್ಯವಾಗಿದ್ದರೂ ಫೇಲ್ ಆಗ್ತಾಳೆ. ಆಕೆಗೆ ತಾರೀಖು ಗೊತ್ತಿರಲಿಕ್ಕಿಲ್ಲ, ಅಮಾವಾಸ್ಯೆ ಯಾವಾಗ, ಸಂತೆ ಯಾವ ವಾರ ಅನ್ನೋದು ಗೊತ್ತಿರುತ್ತೆ.

ನನ್ನ ಬೇಡಿಕೆ ದೊಡ್ಡದಲ್ಲ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪ್ರಕಾರ ಇಂಥ ವೃತ್ತಿಯ ಡಿಪ್ಲೊಮಾ ಕನಿಷ್ಠ 2,000 ಗಂಟೆ ಇರಬೇಕು. ಪಠ್ಯಕ್ರಮದ ಮಟ್ಟ ಹೇಗಿರಬೇಕು ಅಂತ ನಿಗದಿ ಮಾಡುವ ಅಧಿಕಾರ ಆಯೋಗಕ್ಕಿದೆ, ರಾಜ್ಯಗಳಲ್ಲಿ ಪರಿಷತ್ತುಗಳಿವೆ. ಎರಡು ಸಾವಿರದಲ್ಲಿ 20 ಗಂಟೆ, ಅಂದ್ರೆ ಶೇ. 1, ಡಿಮೆನ್ಷಿಯಾಗೆ ಕೊಡಿ. ಆರು ಗಂಟೆ ಪಾಠ. ಆರು ಗಂಟೆ ಅಭ್ಯಾಸ: ಕನ್ನಡಕಕ್ಕೆ ಎಣ್ಣೆ ಸವರಿ, ಕಿವಿಗೆ ಹತ್ತಿ ತುರುಕಿ, ದಪ್ಪ ಕೈಚೀಲ ಹಾಕಿಕೊಂಡು ಎಕ್ಸ್‌ರೇ ಮೇಜಿನ ಮೇಲೆ ವಿದ್ಯಾರ್ಥಿಯೇ ಮಲಗಲಿ, ಇನ್ನೊಬ್ಬ ಅವಸರ ಮಾಡಲಿ. ಉಳಿದ ಎಂಟು ಗಂಟೆ ಒಂದೇ ಮನೆಗೆ ನಾಲ್ಕು ಭೇಟಿ. ಮನೆ ಹುಡುಕುವುದು ಕಷ್ಟ ಅನ್ನುವವರು ಆಶಾ ಕಾರ್ಯಕರ್ತೆಯರನ್ನು ಕೇಳಿ, ಯಾವ ಓಣಿಯ ಯಾವ ಒಳಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಮನೆಯವರು ಒಪ್ಪಿದರೆ ಮಾತ್ರ ಹೋಗಬೇಕು. ಹದಿನೈದು ಹುಡುಗರು ಒಮ್ಮೆಲೇ ನುಗ್ಗಿ ಅಜ್ಜಿಯನ್ನು ಪ್ರದರ್ಶನಕ್ಕಿಟ್ಟ ಹಾಗೆ ನೋಡುವುದಾದರೆ ಹೋಗದಿರುವುದೇ ಲೇಸು. ಆಶಾಗಳಿಗೆ ಈ ಕೆಲಸಕ್ಕೆ ದುಡ್ಡೂ ಕೊಡಬೇಕು, ಪುಕ್ಕಟೆ ಹೊರೆಸುವುದು ಬೇಡ.

ಇನ್ನೂ ಒಂದು ಮಾತು. ಈ ಹುಡುಗರಿಗೆ ಬರೇ ಕರುಣೆಯ ಪಾಠ ಹೇಳಿ ಕೈತೊಳೆದುಕೊಳ್ಳುವುದು ಮೋಸ. 2008ರ ನವೆಂಬರ್‌ನಲ್ಲಿ ಶುರುವಾದ 108 ಸೇವೆಯ ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಟ್ಟದ್ದು ಒಂದೆರಡು ಸಲ ಅಲ್ಲ. ಒಬ್ಬನೇ ಟೆಕ್ನಿಷಿಯನ್ ಇಡೀ ದಿನ ಸಾಲು ಕರಗಿಸಬೇಕಾದ ಕೋಣೆಯಲ್ಲಿ ‘ಹತ್ತರವರೆಗೆ ಎಣಿಸು’ ಅನ್ನುವ ಪಾಠ ಜೋಕ್ ಆಗುತ್ತೆ. ಗುತ್ತಿಗೆ ಬಿಟ್ಟು ಖಾಯಂ ಹುದ್ದೆ ತುಂಬಿ ಅನ್ನುವ ಬೇಡಿಕೆಯೂ ಈ 20 ಗಂಟೆಯ ಬೇಡಿಕೆಯೂ ಬೇರೆ ಬೇರೆ ಅಲ್ಲ. ವಿದ್ಯಾರ್ಥಿ ಸಂಘಟನೆಗಳಲ್ಲಿರುವವರು ಇದನ್ನು ಓದುತ್ತಿದ್ದರೆ, ಶುಲ್ಕದ ಮನವಿಪತ್ರ ಕೊಡುವಾಗ ಇದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಅಲ್ಲಿಯವರೆಗೆ ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವವರಿಗೆ ಎರಡು ನಂಬರ್: ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿಮಾನಸ್ 14416. ಎರಡೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಅಜ್ಜಿಗೆ ಸಹಾಯ ಸಿಗುವುದಕ್ಕಿಂತ ಮೊದಲು ಸೊಸೆಗೆ ಸಿಗಬೇಕು.

ಹೋದ ಸಲ ಊರಿಗೆ ಹೋದಾಗ, ಅನಂತ್ ನಾಗ್ ಹೆಸರು ಹೇಳಿದ ಆ ಲ್ಯಾಬ್ ವಿದ್ಯಾರ್ಥಿನಿಯನ್ನು ಪಕ್ಕದ ಓಣಿಯ ಒಂದು ಮನೆಗೆ ಕರೆದುಕೊಂಡು ಹೋದೆ. ಮನೆಯವರು ಮೊದಲೇ ಒಪ್ಪಿದ್ದರು. ಅಜ್ಜ ಕಟ್ಟೆಯ ಮೇಲೆ ಕೂತಿದ್ದರು, ಮೊದಲು ನೇಕಾರಿಕೆ ಮಾಡಿದವರು. ಆಕೆ ಐದು ನಿಮಿಷ ಏನು ಮಾತಾಡಬೇಕೆಂದು ತಿಳಿಯದೆ ಸುಮ್ಮನೆ ಕೂತಳು. ಆಮೇಲೆ ತನ್ನ ದುಪಟ್ಟಾದ ಅಂಚನ್ನು ಅವರ ಮುಂದೆ ಹಿಡಿದಳು. ಅಜ್ಜ ಅದನ್ನು ಬೆರಳ ನಡುವೆ ಉಜ್ಜಿ ನೋಡಿದರು. ‘ಮಷಿನ್‌ದು’ ಅಂದರು, ಸ್ವಲ್ಪ ತಾತ್ಸಾರದಿಂದ. ಮುಂದಿನ ಮುಕ್ಕಾಲು ತಾಸು ಕೈಮಗ್ಗದ ಬಗ್ಗೆ ಮಾತು ನಡೆಯಿತು, ಅರ್ಧಕ್ಕರ್ಧ ನಮಗೆ ತಿಳಿಯಲಿಲ್ಲ. ಹೊರಡುವಾಗ ಆಕೆ ಒಳಗೆ ಹೋಗಿ ಸೊಸೆಯನ್ನು ಕೇಳಿದಳು: ‘ವೈನಿ, ಅಜ್ಜಾರ ರಕ್ತ ತಗೀಬೇಕಾದ್ರ ಯಾವ ಕೈ ಕೊಡ್ತಾರ?’

‘ಎಡಗೈ’ ಅಂದರು ಅವರು. ‘ಬಲಗೈ ಮುಟ್ಟಗೊಡಂಗಿಲ್ಲ. ಅದು ಮಗ್ಗದ ಕೈ ಅಂತಾರ.’